ಎಡೆಯ ಉಪ್ಪು

ಅಡುಗೆಯ ವಿಷಯದಲ್ಲಿ ನನಗೆ ಬುದ್ಧಿ ಹೇಳಲು ಬಂದವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ. ಯಳಂದೂರು ತಾಲ್ಲೂಕಿನ ಹೊನ್ನೂರಿನಲ್ಲಿ ಪುಟ್ಟಬಸಮ್ಮ ಅಂದರೆ ಯಾರು ಎಂದು ಕೇಳಿ, ಇಸ್ಕೂಲಿನ ಬಿಸಿಯೂಟದ ಪುಟ್ಟಬಸಮ್ಮನಾ ಅನ್ನುತ್ತಾರೆ. ಊರಿನ ಅರ್ಧ ಗಂಡಸರು ನನ್ನ ಕೈಯ ಸಾಂಬಾರು ತಿಂದೇ ಮೀಸೆ ಬರಿಸಿಕೊಂಡವರು. ಮಕ್ಕಳಿಗೆ ಬಡಿಸುವ ಮುಂಚೆ ಮೇಷ್ಟ್ರೊಬ್ಬರು ರುಚಿ ನೋಡಬೇಕು ಅನ್ನುವುದು ಶಾಲೆಯ ಕಾನೂನು. ಅವರು ತಟ್ಟೆ ಹಿಡಿದುಕೊಂಡು ಬಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. "ನೋಡಿ ಸಾ, ನೋಡಿ. ಕಾನೂನಲ್ವಾ, ನೋಡ್ಬುಟ್ಟು ಓಗಿ" ಎಂದು ಸೌಟು ಕುಕ್ಕುತ್ತಿದ್ದೆ. ಅವರು ನಕ್ಕು, "ನಿಮ್ ಅಡ್ಗೇಲಿ ನೋಡೋದೇನದೆ ಪುಟ್ಟಬಸಮ್ಮ" ಎಂದು ಇನ್ನೊಂದು ಸೌಟು ಹಾಕಿಸಿಕೊಂಡು ಹೋಗುತ್ತಿದ್ದರು.

ನಾನು ಹುಟ್ಟಿದ್ದು ಹನೂರು ಕಡೆಯ ಬಂಡಳ್ಳಿಯಲ್ಲಿ. ಅದು ರಾಗಿ, ಹುರುಳಿಯ ನೆಲ. ಹೊನ್ನೂರಿಗೆ ಸೊಸೆಯಾಗಿ ಬಂದಾಗ ನನಗೆ ನೆಟ್ಟಗೆ ಅನ್ನ ಬಸಿಯಲು ಬರುತ್ತಿರಲಿಲ್ಲ. ಗದ್ದೆಯ ಊರಿಗೆ ಬಂದು ಅನ್ನವನ್ನು ಅಂಬಲಿ ಮಾಡಿಟ್ಟಳು ಎಂದು ನನ್ನ ನಾದಿನಿ ಪುಟ್ಟಮಲ್ಲಮ್ಮ ಬೀದಿಯ ತುಂಬ ಹೇಳಿಕೊಂಡು ಬಂದಳು. ಆ ಬಾಯಿ ಇವತ್ತಿಗೂ ಹಾಗೇ ಇದೆ. ಅವಳನ್ನು ಕೊಳ್ಳೇಗಾಲಕ್ಕೆ ಕೊಟ್ಟ ಮೇಲೂ ಹಬ್ಬಕ್ಕೆ ಬಂದರೆ, "ಅತ್ಗೆ, ಉಳಿ ಒಸಿ ಮುಂದಾಯ್ತು", "ಅತ್ಗೆ, ಕಾಳು ಬೇಯ್ನಿಲ್ಲ" ಅನ್ನದೆ ಎಲೆಯಿಂದ ಎದ್ದವಳಲ್ಲ. ಅವಳ ಮೇಲಿನ ಹಟಕ್ಕೇ ನಾನು ಅಡುಗೆ ಕಲಿತದ್ದು.

ಅರವತ್ತು ತುಂಬಿದಾಗ ಶಾಲೆಯವರು ಶಾಲು ಹೊದಿಸಿ, ಕೈಗೊಂದು ತೆಂಗಿನಕಾಯಿ ಕೊಟ್ಟು ಮನೆಗೆ ಕಳಿಸಿದರು. ಅಷ್ಟು ದೊಡ್ಡ ಪಾತ್ರೆಗಳಲ್ಲಿ ಕೈಯಾಡಿಸಿದವಳಿಗೆ ಮನೆಯ ಕುಕ್ಕರು ಆಟದ ಸಾಮಾನಿನಂತೆ ಕಂಡಿತು. ಆದರೂ ಸೌಟು ಬಿಡಲಿಲ್ಲ. ಸೊಸೆ ಕೋಮಲ ತರಕಾರಿ ಹೆಚ್ಚಿ, ಕಾಯಿ ತುರಿದು ಕೊಡುವಳು, ಒಗ್ಗರಣೆ, ಹುಳಿ, ಉಪ್ಪು ಎಲ್ಲ ನನ್ನದು.

ವಯಸ್ಸಾಗುವುದು ಅಂದರೆ ಏನೋ ಒಂದು ದಿನ ಬೆಳಗೆದ್ದು ಮುದುಕಿಯಾಗಿರುವುದು ಎಂದುಕೊಂಡಿದ್ದೆ. ಹಾಗಲ್ಲ. ಅದು ಮನೆಯಿಂದ ಒಂದೊಂದೇ ಪಾತ್ರೆ ಕದ್ದೊಯ್ಯುವ ಹಾಗೆ. ಮೊದಲು ಮಂಡಿ ಹೋಯಿತು. ಆಮೇಲೆ ಕಣ್ಣಿಗೆ ಪೊರೆ ಬಂದು ಕೊಳ್ಳೇಗಾಲದಲ್ಲಿ ತೆಗೆಸಿದ್ದಾಯಿತು. ಯಳಂದೂರಿನ ಬಸ್ಸಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಎದ್ದು, "ಕೂತ್ಕಳಿ ಅಜ್ಜಿ" ಅಂದಾಗ, "ಯಾರಿಗಮ್ಮಿ ಅಜ್ಜಿ ಅಂತೀಯಾ?" ಎಂದು ಗದರಿ ಕೊಳ್ಳೇಗಾಲದವರೆಗೂ ನಿಂತೇ ಹೋದೆ. ಇಳಿದ ಮೇಲೆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಮಂಡಿ ಹಿಡಿದುಕೊಂಡು ಕೂತು ಅತ್ತೆ. ಮಂಡಿ, ಕಣ್ಣು ಹೋದದ್ದು ಊರಿಗೆಲ್ಲ ಕಾಣುತ್ತದೆ. ನಾಲಿಗೆ ಹೋಗುವುದು ಯಾರಿಗೂ ಕಾಣುವುದಿಲ್ಲ, ನನಗೂ ಕಾಣಲಿಲ್ಲ.

ಜಗಳ ಶುರುವಾದದ್ದು ಹೋದ ಯುಗಾದಿಯ ಆಚೀಚೆ. ಕೋಮಲ ಒಂದು ದಿನ ತಟ್ಟೆ ನೋಡಿಕೊಂಡೇ, "ಅತ್ತೆ, ಉಪ್ಪು ಒಸಿ ಜಾಸ್ತಿ ಆಯ್ತದೆ" ಅಂದಳು. ನಾನು ಸಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿದೆ. ನನಗೆ ಸಪ್ಪೆ ಅನ್ನಿಸಿತು. "ನಿನ್ ನಾಲ್ಗೆಗೆ ಏನ್ ಬಂದದೆ?" ಎಂದು ಬಾಯಿ ಮಾಡಿದೆ. ನನ್ನ ಒಲೆಯ ಮೇಲೆ ಕಣ್ಣು ಹಾಕಿದ್ದಾಳೆ ಎಂದೇ ನನ್ನ ಎಣಿಕೆ. ಮಗ ನಾಗರಾಜು, ಯಳಂದೂರಿನಲ್ಲಿ ಲೈನ್‌ಮ್ಯಾನ್, ಕರೆಂಟ್ ಕಂಬ ಹತ್ತಲು ಹೆದರದ ಗಂಡು, ನಮ್ಮಿಬ್ಬರ ನಡುವೆ ಮಾತಾಡಲು ಹೆದರಿ ತಟ್ಟೆ ಎತ್ತಿಕೊಂಡು ಜಗುಲಿಗೆ ಹೋದ. ನನ್ನ ಗಂಡ ಮಾದಸ್ವಾಮಿ ಮೊದಲಿನಿಂದಲೂ ಬಡಿಸಿದ್ದನ್ನು ಉಂಡು ಏಳುವ ಮನುಷ್ಯ. ಇನ್ನೊಂದು ತುತ್ತು ಕೇಳಿದವರೂ ಅಲ್ಲ, ಬೇಡ ಅಂದವರೂ ಅಲ್ಲ.

ಅವರಿಗೆ ಬಿ.ಪಿ. ಇದೆ. ಮಳೆಗಾಲದಲ್ಲಿ ಅವರ ಪಾದ ಊದಿಕೊಂಡಾಗ ಕೊಳ್ಳೇಗಾಲದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರು ಮಾತ್ರೆ ಬರೆದು, ಉಪ್ಪು ಕಮ್ಮಿ ಮಾಡಿ ಅಂದರು. ಕೋಮಲ ಅದನ್ನೇ ಕಾಯುತ್ತಿದ್ದವಳ ಹಾಗೆ ನಮ್ಮ ಮನೆಯ ಜಗಳವನ್ನೆಲ್ಲ ಅವರ ಮುಂದೆ ಹೇಳಿದಳು. ಡಾಕ್ಟರು ನನ್ನ ಕಡೆ ತಿರುಗಿ, "ವಯಸ್ಸಾದ್ಮೇಲೆ ನಾಲಿಗೆ ಮಂದ ಆಗುತ್ತೆ ಕಣಮ್ಮ, ನಿಮಗೆ ಗೊತ್ತಾಗಲ್ಲ" ಎಂದರು. ನನ್ನ ಮಗನಿಗಿಂತ ಚಿಕ್ಕವನು! ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹೊರಗೆ ಬಂದು ರಸ್ತೆಯಲ್ಲೇ ನಿಂತು ಹೇಳಿದೆ: "ಕಾರ್ತೀಕದಲ್ಲಿ ಬೆಟ್ಟಕ್ಕೆ ಓಯ್ತೀವಲ್ಲ, ಅಲ್ಲಿ ನೋಡದ. ಅಲ್ಲಿ ಎಡೆ ಅಡ್ಗೆಗೆ ನಾನೂ ಬಾಯಿ ಆಕಲ್ಲ, ನೀವೂ ಆಕಲ್ಲ. ನಾಲ್ಗೆ ಮಂದಾದ್ರೆ ಆಗ್ಲಿ, ನನ್ ಕೈ ಮಂದಾಗಿಲ್ಲ. ಅಲ್ಲಿ ಉಪ್ಪು ಸರ್ಯಾಗಿದ್ರೆ ಇನ್ಮೇಲೆ ನನ್ ಸೌಟಿನ್ ಸುದ್ದಿಗೆ ಯಾರೂ ಬರ್ಬೇಡಿ. ಕೆಟ್ರೆ ನಾನೇ ಸೌಟು ಕೋಮಲನ ಕೈಗೆ ಕೊಟ್ಬುಡ್ತೀನಿ." ಯಾರೂ ಕೇಳದ ಪಂದ್ಯವನ್ನು ನಾನೇ ಕಟ್ಟಿದೆ.

ಬೆಟ್ಟ ಅಂದರೆ ಮಲೆ ಮಾದಪ್ಪನ ಬೆಟ್ಟ. ಪ್ರತಿ ಕಾರ್ತೀಕದಲ್ಲಿ ಒಂದು ಶನಿವಾರ ಹೊರಟು, ಭಾನುವಾರ ಅಲ್ಲೇ ಅಡುಗೆ ಮಾಡಿ, ಮಾದಪ್ಪನಿಗೆ ಎಡೆ ಇಟ್ಟು, ದೇವರ ಗುಡ್ಡನಿಗೆ, ಅಂದರೆ ಮಾದಪ್ಪನ ದೀಕ್ಷೆ ಹೊತ್ತವನಿಗೆ, ಉಣಿಸಿ ಬರುವುದು ನಮ್ಮ ಮನೆತನದ ನಡೆ. ಎಡೆಯ ಅಡುಗೆಯನ್ನು ಮನೆಯ ಹಿರಿ ಹೆಂಗಸು ಮಾಡಬೇಕು, ಉಪವಾಸ ಇದ್ದು ಮಾಡಬೇಕು, ಮಾದಪ್ಪ ಉಣ್ಣುವವರೆಗೆ ಯಾರ ನಾಲಿಗೆಗೂ ಅದು ತಾಗಬಾರದು. ಮಾಡಿದವಳು ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣಬೇಕು. ನನ್ನ ಅತ್ತೆ ಇನ್ನೂ ಗಟ್ಟಿಯಾಗಿರುವಾಗಲೇ ಒಂದು ವರ್ಷ ಬೆಟ್ಟದ ಮೇಲೆ ಒಲೆ ಹಚ್ಚಿ, ಸೌಟು ನನ್ನ ಕೈಗಿಟ್ಟು, ಬಂಡೆಯ ಮೇಲೆ ಹೋಗಿ ಕೂತರು. ಯಾಕೆ ಎಂದು ಕೇಳಿದರೆ, "ಯಾರೂ ಕೇಳಾಕ್ ಮುಂಚೆ ಕೊಡದು ಚಂದ ಕಣವ್ವ" ಅಂದಿದ್ದರು. ಆಗ ನನಗೆ ಅದು ಸೋಮಾರಿ ಮುದುಕಿಯ ಮಾತಾಗಿ ಕೇಳಿಸಿತ್ತು.

ಈ ಸಲ ಟೆಂಪೋ ಮಾಡಿಕೊಂಡು ಹೊರಟೆವು. ಕೊಳ್ಳೇಗಾಲದಲ್ಲಿ ಪುಟ್ಟಮಲ್ಲಮ್ಮ ಹತ್ತಿಕೊಂಡಳು. ಹತ್ತಿದವಳೇ, "ಈ ಸತಿ ಪಂದ್ಯವಂತಲ್ಲಾ ಅತ್ಗೆ?" ಎಂದು ಕೆಣಕಿದಳು. ಸುದ್ದಿ ಅಲ್ಲಿಯವರೆಗೂ ಮುಟ್ಟಿತ್ತು. ಹನೂರು ದಾಟಿ, ಅಜ್ಜೀಪುರ ದಾಟಿ ಹೋಗುವಾಗ ಆಕಾಶಕ್ಕೆ ಬೂದಿ ಬಳಿದ ಹಾಗಿತ್ತು, ಬಿಸಿಲೆಂಬುದೇ ಇಲ್ಲ. ಮೊದಲೆಲ್ಲ ಬುಡದ ತಾಳುಬೆಟ್ಟದಿಂದ ನಡೆದೇ ಹತ್ತುತ್ತಿದ್ದೆವು. ಈಗ ಕಿಟಕಿಯಿಂದ ನೋಡಿದರೆ ನಡೆದು ಹೋಗುವವರ ಬೆನ್ನು ಮಾತ್ರ ಕಾಣುತ್ತಿತ್ತು, ಒಂದೊಂದಾಗಿ ಹಿಂದಕ್ಕೆ ಉಳಿಯುತ್ತಿದ್ದವು. ನನ್ನ ಗಂಡ ಕೈ ಜೋಡಿಸಿ, "ನಾವೂ ಇಂಗೇ ಓಯ್ತಿದ್ವಲ್ಲಮ್ಮಿ" ಅಂದರು.

ಭಾನುವಾರ ಬೆಳಗ್ಗೆ ಅಂತರಗಂಗೆಯ ಕೊಳದಲ್ಲಿ ಮಿಂದು, ಒದ್ದೆ ಸೀರೆಯಲ್ಲೇ ಮೂರು ಕಲ್ಲು ಹೂಡಿ ಒಲೆ ಹಚ್ಚಿದೆ. ಮಂಜು ಮರಗಳಿಂದ ಇನ್ನೂ ಇಳಿದಿರಲಿಲ್ಲ. ಅನ್ನ, ಅವರೆಕಾಳಿನ ಹುಳಿ, ಕುಂಬಳಕಾಯಿ ಪಲ್ಯ, ಪಾಯಸ. ಕಾಳು ಬೆಂದು ಮಸಾಲೆ ಕುದಿ ಬಂತು. ಕೋಮಲ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿ ನನ್ನ ಕೈಯನ್ನೇ ನೋಡಿದಳು. ನಾನು ಬೇಕೆಂದೇ ಎಲ್ಲರಿಗೂ ಕಾಣುವ ಹಾಗೆ ಉಪ್ಪಿನ ಡಬ್ಬಕ್ಕೆ ಕೈ ಹಾಕಿ, ಅಂಗೈಯಲ್ಲಿ ತೂಗಿ, ಹುಳಿಗೆ ಸುರಿದೆ. ಪಲ್ಯಕ್ಕೂ ಉದುರಿಸಿದೆ. ಕೈ ಎಲ್ಲೂ ತಡವರಿಸಲಿಲ್ಲ. "ನೋಡ್ದಾ?" ಎಂದೆ. ಅವಳು, "ನೋಡ್ದೆ ಅತ್ತೆ" ಎಂದು ಮತ್ತೆ ತುರಿಯಲು ಕೂತಳು.

ನಮ್ಮ ಮನೆಯ ಗುಡ್ಡ ಶಿವರುದ್ರಸ್ವಾಮಿ. ಕಂಬಳಿ ಹಾಸಿ, ಅದರ ಮೇಲೆ ಜೋಳಿಗೆ, ಬೆತ್ತ ಇಟ್ಟು ಧೂಪ ಹಾಕಿದ. ಎಲ್ಲರೂ "ಉಘೇ ಮಾದಪ್ಪ" ಎಂದು ಅಡ್ಡಬಿದ್ದೆವು. ಎಡೆಗೆ ಧೂಪ ತೋರಿದ ಮೇಲೆ ಮೊದಲ ಎಲೆ ಅವನಿಗೆ ಹಾಕಿದೆ. ಅವನು ಮೊದಲ ತುತ್ತು ಬಾಯಿಗಿಟ್ಟವನು ಒಂದು ಗಳಿಗೆ ಹಾಗೇ ಕೂತ. ಆಮೇಲೆ ಕಣ್ಣು ಮುಚ್ಚಿ, "ಮಾದಪ್ಪಾ, ನನ್ ತಂದೆ" ಅಂದು ನುಂಗಿ, ಒಂದು ಅಗುಳೂ ಬಿಡದೆ ಉಂಡ. ಎಂಥ ಭಕ್ತಿ ಅಂದುಕೊಂಡೆ.

ಆಮೇಲೆ ನಮ್ಮವರಿಗೆ ಬಡಿಸಿ, ಸೌಟು ಹಿಡಿದು ಎದುರಿಗೇ ನಿಂತೆ. ಕೋಮಲ ಮುಖ ಎತ್ತದೆ ಉಣ್ಣುತ್ತಿದ್ದಳು. ನಾಗರಾಜು, "ಚೆನ್ನಾಗದೆ ಕಣವ್ವ" ಅಂದ. ನಾನು ಕಾಯುತ್ತಿದ್ದದ್ದು ಪುಟ್ಟಮಲ್ಲಮ್ಮನ ಬಾಯಿಗೆ. "ಏನವ್ವ, ಏನ್ ಮುಂದಾಯ್ತು, ಏನ್ ಇಂದಾಯ್ತು, ಏಳ್ಬುಡು" ಎಂದೆ. ಅವಳು ನನ್ನ ಮುಖ ನೋಡಿದಳು. ಅವಳ ಕಣ್ಣಿನಲ್ಲಿ ನೀರಿತ್ತು, ಒಲೆಯ ಹೊಗೆ ಅಂದುಕೊಂಡೆ. "ಎಲ್ಲಾ ಸರ್ಯಾಗದೆ ಅತ್ಗೆ. ನಿನ್ ಕೈ ನಿನ್ ಕೈಯೇ" ಅಂದಳು. ಅಷ್ಟು ವರ್ಷಗಳಲ್ಲಿ ಆ ಹೆಂಗಸಿನ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು! ನನಗೆ ಎದೆ ಉಬ್ಬಿ ಹೋಯಿತು.

ಇನ್ನೂ ದೊಡ್ಡ ಸೋಜಿಗವೆಂದರೆ ನನ್ನ ಗಂಡ ಎಲೆ ಖಾಲಿ ಮಾಡಿ, "ಇನ್ನೊಸಿ ಉಳಿ ಆಕಮ್ಮಿ" ಅಂದರು. ಹಾಕಿದೆ. ಅದನ್ನೂ ಉಂಡು ಮತ್ತೆ ಎಲೆ ಮುಂದೆ ಮಾಡಿದರು. "ಸಾಕು ಬುಡಿ, ಊರ್ಗೆ ಒಸಿ ಒಯ್ಯಬೇಕು, ಬೀದಿಯವ್ರಿಗೆ ಪ್ರಸಾದ ಕೊಡ್ಬೇಕು" ಎಂದು ನಾನೇ ತಡೆದೆ. ಅವರು ಕೇಳಲಿಲ್ಲ. "ಮಾದಪ್ಪನ ಪ್ರಸಾದ, ಎಷ್ಟು ಉಂಡ್ರೂ ಆಸೆ ತೀರದಿಲ್ಲ, ಆಕು" ಅಂದರು. ನಾಗರಾಜುವೂ ಎಲೆ ಮುಂದೆ ಮಾಡಿದ. ನನ್ನ ಪಾಲಿನದು ಬಿಟ್ಟು ಪಾತ್ರೆ ಬರಿದಾಯಿತು. ಕೊನೆಗೆ ನಾನು ಕೂತು ಉಂಡೆ. ನಿಜ ಹೇಳುತ್ತೇನೆ, ಎಷ್ಟೋ ತಿಂಗಳ ಮೇಲೆ ನನ್ನ ನಾಲಿಗೆಗೆ ಹಿಡಿಸಿದ ಊಟ ಅದು. ಗೆದ್ದೆ ಅಂದುಕೊಂಡೆ. ಕೋಮಲನಿಗೆ ಚುಚ್ಚಿ ಒಂದು ಮಾತು ಹೇಳಬೇಕೆಂದು ನಾಲಿಗೆಯ ತುದಿಗೆ ಬಂತು, ಮಾದಪ್ಪನ ಸನ್ನಿಧಿ ಎಂದು ತಡೆದುಕೊಂಡೆ.

ಬೆಟ್ಟ ಇಳಿದು ಕೌದಳ್ಳಿಗೆ ಬಂದಾಗ ಟೆಂಪೋ ನಿಲ್ಲಿಸಿದರು. ನಾಗರಾಜು ಅಂಗಡಿಯಿಂದ ನೀರಿನ ಬಾಟಲಿಗಳನ್ನು ತಬ್ಬಿಕೊಂಡು ಬಂದ. ಪುಟ್ಟಮಲ್ಲಮ್ಮ ಬಾಟಲಿ ಎತ್ತಿ ಹಿಡಿದವಳು ಮುಗಿಯುವವರೆಗೂ ಇಳಿಸಲಿಲ್ಲ. ಕೋಮಲನೂ ಹಾಗೇ. ನನ್ನ ಗಂಡ ಕುಡಿದು, ಮತ್ತೆ ಕೇಳಿ ಕುಡಿದರು. ಹನೂರಿನಲ್ಲಿ ಮತ್ತೆ ನಿಲ್ಲಿಸಿದರು, ಮತ್ತೆ ನೀರು. ಕಡಲೆಗಿಡ ಮೇದು ಬಂದ ದನಗಳು ತೊಟ್ಟಿಗೆ ಬಿದ್ದ ಹಾಗೆ. "ಯಾಕ್ರೋ, ಈಪಾಟಿ ನೀರು?" ಎಂದೆ. "ಬಿಸ್ಲು ಕಣವ್ವ" ಅಂದ ನಾಗರಾಜು. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಬೆಳಗಿನಿಂದ ಒಂದು ಬಿಸಿಲ ಕಡ್ಡಿಯೂ ನೆಲಕ್ಕೆ ಬಿದ್ದಿರಲಿಲ್ಲ.

ಗುಡ್ಡ ಕಣ್ಣು ಮುಚ್ಚಿದ್ದು, ನಾದಿನಿಯ ಕಣ್ಣೀರು, ಉಳಿಯದ ಪ್ರಸಾದ, ಎಲ್ಲ ಒಂದರ ಹಿಂದೆ ಒಂದು ಬಂದು ನಿಂತವು. ಕೊಳ್ಳೇಗಾಲದಲ್ಲಿ ಇಳಿಯುವಾಗ ಪುಟ್ಟಮಲ್ಲಮ್ಮ ನನ್ನ ಕೈ ಹಿಡಿದು ಒತ್ತಿದಳು. ಅವಳು ಹಾಗೆ ಮಾಡುವವಳೇ ಅಲ್ಲ. ಅವಳು ಎಂದಿನಂತೆ ಬೈದಿದ್ದರೆ ನನಗೆ ಎಷ್ಟು ಸುಖವಾಗುತ್ತಿತ್ತೋ!

ಹೊನ್ನೂರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮಗ, ಸೊಸೆ ಪಾತ್ರೆ ಇಳಿಸುತ್ತಿದ್ದರು. ನನ್ನ ಗಂಡ ಜಗುಲಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಪಾದ ನೋಡಿದೆ, ಮತ್ತೆ ಊದಿಕೊಂಡು ಚಪ್ಪಲಿಯ ಪಟ್ಟಿ ಚರ್ಮಕ್ಕೆ ಕಚ್ಚಿತ್ತು. ನಾನು ಬೆಟ್ಟದಿಂದ ತಂದ ವಿಭೂತಿಯ ಪೊಟ್ಟಣ ತೆಗೆದು ಅವರ ಮುಂದೆ ಇಟ್ಟೆ.

"ಇದರ ಮೇಲೆ ಕೈ ಇಕ್ಕಿ ಏಳಿ. ಇವತ್ತಿನ್ ಉಳಿ ಎಂಗಿತ್ತು?"

"ಚೆಂದಾಗಿತ್ತಲ್ಲ..."

"ಕೈ ಇಕ್ಕಿ ಏಳಿ."

ಮಾದಪ್ಪನ ಮೇಲೆ ಆಣೆ ಇಟ್ಟು ಸುಳ್ಳು ಹೇಳುವ ಧೈರ್ಯ ನಮ್ಮ ಸೀಮೆಯಲ್ಲಿ ಯಾರಿಗೂ ಇಲ್ಲ. ಅವರು ಕೈ ಚಾಚಿದರು. ಪೊಟ್ಟಣದ ಹತ್ತಿರ ಬಂದ ಕೈ ಅಲ್ಲೇ ನಿಂತಿತು. ಹಿಂದಕ್ಕೆ ತೆಗೆದುಕೊಂಡು ಮಡಿಲಿಗೆ ಹಾಕಿಕೊಂಡರು.

"ಬಾಯ್ಗಿಕ್ಕಕ್ ಆಯ್ತಿರ್ನಿಲ್ಲ ಕಣಮ್ಮಿ. ಬರೀ ಉಪ್ಪು."

"ಮತ್ತೆ ಎಲ್ಲಾ ಉಂಡ್ರಲ್ಲ?"

"ಪ್ರಸಾದ ಬುಡಕ್ಕಾದದಾ? ಆಮೇಕೆ ನೀನು ಎದುರ್ಗೇ ನಿಂತಿದ್ದೆ, ಸೌಟ್ ಇಡ್ಕಂಡು. ನಿನ್ ಮೊಕ ನೋಡ್ಬುಟ್ಟು ಯಾರ್ ಏಳ್ತಾರೆ?"

"ನಿಮ್ಗೆ ಏನಾಗಿತ್ತು? ಮತ್ತ್ ಮತ್ತೆ ಆಕುಸ್ಕಂಡ್ರಲ್ಲ, ಸಾಯಕ್ಕಾ?"

ಅವರು ಬೀದಿಯ ಕಡೆ ನೋಡಿದರು. "ನೀನು ಬೀದಿಗೆಲ್ಲ ಅಂಚ್ತೀನಿ ಅಂದೆ. ಊರವ್ರ ಬಾಯ್ಗೆ ಬಿದ್ರೆ ಅವ್ರು ಸುಮ್ಕಿರ್ತಾರಾ? ಇಸ್ಕೂಲ್ ಪುಟ್ಟಬಸಮ್ಮನ್ ಕೈ ಕೆಡ್ತು ಅಂತ ಆಡ್ಕತಾರೆ. ಅದ್ಕೇ ಖಾಲಿ ಮಾಡ್ದೆ."

ನಾನು ಗೋಡೆ ಹಿಡಿದುಕೊಂಡು ಕೂತೆ. ಜೋರಾಗಿ ಅಳಬೇಕೆನ್ನಿಸಿತು, ಒಳಗಿರುವವರಿಗೆ ಕೇಳಿಸುತ್ತದೆ ಎಂದು ಸೆರಗು ಬಾಯಿಗೆ ತುರುಕಿಕೊಂಡೆ. ನಾಲಿಗೆ ಕೇಳಿದಷ್ಟು ಉಪ್ಪನ್ನು ಕೈ ದಿನಾ ದಿನಾ ಹಾಕುತ್ತಾ, ಅದನ್ನೇ ಸರಿ ಎಂದು ಕಲಿತುಬಿಟ್ಟಿತ್ತು. ನಾನು ನಂಬಿ ಪಂದ್ಯ ಕಟ್ಟಿದ್ದು ಆ ಕೈಯನ್ನು. ಸೋತದ್ದಕ್ಕೆ ಅಷ್ಟು ದುಃಖವಾಗಲಿಲ್ಲ. ನನ್ನನ್ನು ಗೆಲ್ಲಿಸಬೇಕೆಂದು ಇಷ್ಟು ಜನ ಹಲ್ಲು ಕಚ್ಚಿಕೊಂಡು ಉಂಡರಲ್ಲ, ಕಂದನಿಗೆ ಸುಳ್ಳು ಹೇಳಿ ಸಮಾಧಾನ ಮಾಡುವ ಹಾಗೆ, ಅದಕ್ಕೆ ಹೊಟ್ಟೆ ಉರಿಯಿತು. ಬೆಟ್ಟದ ಬಂಡೆಯ ಮೇಲೆ ಸುಮ್ಮನೆ ಹೋಗಿ ಕೂತ ನನ್ನ ಅತ್ತೆ ನೆನಪಾದರು.

ಮಾರನೆಯ ಬೆಳಗ್ಗೆ ಸ್ನಾನ ಮಾಡಿ ಬಂದು ಸೌಟನ್ನು ಕೋಮಲನ ಕೈಗೆ ಇಟ್ಟೆ. "ಯಾಕತ್ತೆ? ಬೆಟ್ಟದಲ್ಲಿ ಚೆನ್ನಾಗಿತ್ತಲ್ಲ?" ಅಂದಳು. "ಸುಳ್ಳು ಬೊಗಳ್ಬ್ಯಾಡ" ಎಂದೆ. ಅಷ್ಟೇ ಹೇಳಿದ್ದು, ಅವಳ ಕಣ್ಣು ತುಂಬಿಕೊಂಡಿತು. "ನಿಮ್ ಮಾವನ್ಗೆ ಉಪ್ಪು ಕಮ್ಮಿ ಆಕವ್ವ" ಎಂದು ಹೇಳಿ ಅಡುಗೆಮನೆಯ ಹೊಸಿಲು ದಾಟಿ ಹೊರಗೆ ಬಂದೆ. ಹೊರಗೆ ಬಂದ ಮೇಲೆ ಎಲ್ಲಿ ಕೂರಬೇಕು ಎಂದು ತಿಳಿಯಲಿಲ್ಲ. ಆ ಹೊತ್ತಿನಲ್ಲಿ ನಾನು ಒಲೆಯ ಮುಂದೆ ಬಿಟ್ಟು ಬೇರೆಲ್ಲೂ ಕೂತವಳಲ್ಲ.

ಈಗ ನಡುಮನೆಯಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತೇನೆ. ನನ್ನ ಗಂಡನ ಪಾದದ ಊತ ಇಳಿದಿದೆ. ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟ ಅನ್ನುವುದು ಕೇಳುತ್ತದೆ, ವಾಸನೆ ಬಂದೂ ಬಾರದಂತೆ ಬರುತ್ತದೆ. ನಿನ್ನೆ ಕೋಮಲ ಸೌಟಿನಲ್ಲಿ ಸಾರು ತೆಗೆದುಕೊಂಡು ಬಂದು, "ಉಪ್ಪು ನೋಡಿ ಅತ್ತೆ" ಎಂದು ನನ್ನ ಅಂಗೈಗೆ ಹಾಕಿದಳು. ಒಳ್ಳೆಯ ಹುಡುಗಿ, ನನ್ನನ್ನು ಕೇಳದೆ ಇದ್ದರೆ ನೊಂದುಕೊಳ್ಳುತ್ತೇನೆ ಎಂದು. ನೆಕ್ಕಿದೆ. ಬಿಸಿನೀರು ನೆಕ್ಕಿದ ಹಾಗಿತ್ತು.

"ಸರ್ಯಾಗದೆ ಕಣವ್ವ" ಎಂದೆ.

"ಊಂ ಅತ್ತೆ" ಎಂದು ತಲೆಯಾಡಿಸಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವಳು ದನಿ ತಗ್ಗಿಸಿ ನಾಗರಾಜುವನ್ನು ಕರೆಯುವುದು ಕೇಳಿಸಿತು. "ರೀ, ಒಸಿ ಬನ್ನಿ ಇಲ್ಲಿ. ಉಪ್ಪು ನೋಡಿ."